ಕಾಲು ತೆಗೆದರೆ ನಿಲ್ಲುತ್ತಿದ್ದ ಎಂಜಿನ್

ನನ್ನದು 2003ರ ಪೆಟ್ರೋಲ್ ಕಾರು, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ಲನ್ನು ಕೇಬಲ್ ಎಳೆಯುವ ಕಾಲದ್ದು. ಶಿರಾಡಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಕ್ಲಚ್ ಒತ್ತಿದ್ದೇ ತಡ, ಎಂಜಿನ್ ನಿಂತಿತು. ಸ್ಟೀರಿಂಗ್ ಕಲ್ಲಾಯಿತು. ಬ್ರೇಕ್ ಒತ್ತಿಗೆ ಬಲ ಕೂಡಿಸುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಒಂದೆರಡು ಸಲ ಒತ್ತುವುದಕ್ಕಷ್ಟೇ ಸಾಕಾಗುತ್ತದೆ. ಮೊದಲ ಒತ್ತಿಗೇ ಬದಿಗೆ ನಿಲ್ಲಿಸಿದೆ. ಅದುವರೆಗೆ ರಸ್ತೆ ಉಬ್ಬುಗಳ ಬಳಿ ಹೀಗೇ ನಿಂತಾಗ ಸುಮ್ಮನಿದ್ದೆನಲ್ಲ, ಅದು ತಪ್ಪು.

ಐಡಲ್ ಕಂಟ್ರೋಲ್ ವಾಲ್ವ್ (ಕಾಲು ತೆಗೆದಾಗಲೂ ಎಂಜಿನ್ ನಿಧಾನವಾಗಿ ಓಡುತ್ತಿರುವಂತೆ ನೋಡಿಕೊಳ್ಳುವ ಭಾಗ) ಹೋಗಿದೆ, ಹೊಸದು ಹಾಕಿಸಿ ಎಂದರು ಮೆಕ್ಯಾನಿಕ್, ಬಾನೆಟ್ ಎತ್ತುವ ಮೊದಲೇ. ಇರಬಹುದು, ಆದರೆ ಪರೀಕ್ಷಿಸದೆ ಬಿಡಿಭಾಗ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಕಾಲು ಇಟ್ಟಿದ್ದರೆ ಎಂಜಿನ್ ನಯವಾಗಿ ಓಡುತ್ತಿತ್ತು. ಹಾಗಾಗಿ ಪೆಟ್ರೋಲು, ಕಿಡಿಗಳ ಮೇಲೆ ಅನುಮಾನ ಕಡಿಮೆ. ಥ್ರಾಟಲ್ ಮುಚ್ಚಿದಾಗ ಪಕ್ಕದ ಸಣ್ಣ ದಾರಿಯಿಂದ ಗಾಳಿ ಬಿಡುವುದು ಈ ವಾಲ್ವಿನ ಕೆಲಸ. ಆ ಗಾಳಿಯೇ ಸಾಲುತ್ತಿರಲಿಲ್ಲ. ಹೋಸು ಸೀಳಿ ಹೊರಗಿನ ಗಾಳಿ ನುಗ್ಗಿದ್ದರೆ ಇಂಥ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ವೇಗ ಏರಬೇಕಿತ್ತು. ಆದರೂ ಸೋಪಿನ ನೀರು ಚಿಮುಕಿಸಿ ನೋಡಿದೆ, ಸೀಳು ಸಿಗಲಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಎ.ಸಿ. ಹಾಕಿದೆ. ಎಂಜಿನ್ ವೇಗ ತೋರಿಸುವ ಮುಳ್ಳು ನಿಮಿಷಕ್ಕೆ 750 ಸುತ್ತಿನಿಂದ 500ಕ್ಕೆ ಇಳಿದು ಕಾರು ನಡುಗಿತು. ವಾಲ್ವಿನ ಕನೆಕ್ಟರ್ ಕಿತ್ತು ಮತ್ತೆ ಹಾಕಿದಾಗಲೂ ಅದೇ ನಡುಕ. ಅಂದರೆ ವಾಲ್ವ್ ಇದ್ದೂ ಇಲ್ಲದಂತಾಗಿತ್ತು. ಎಂಜಿನ್ ಆರಿಸಿ ಮಲ್ಟಿಮೀಟರ್ ಹಿಡಿದೆ. ವಾಲ್ವನ್ನು ಹೆಜ್ಜೆಹೆಜ್ಜೆಯಾಗಿ ಸರಿಸುವ ನಾಲ್ಕು ಪಿನ್ನಿನ ಸ್ಟೆಪರ್ ಮೋಟಾರಿನಲ್ಲಿ ಎರಡು ಸುರುಳಿ. ಎರಡರ ರೋಧವೂ ಹೆಚ್ಚುಕಡಿಮೆ ಸಮ, ಸುಮಾರು 50 ಓಂ. ಸುರುಳಿ ಸುಟ್ಟಿರಲಿಲ್ಲ.

ಎರಡು ಸ್ಕ್ರೂ ಬಿಚ್ಚಿ ಹೊರತೆಗೆದಾಗ ಕಾರಣ ಕಣ್ಣೆದುರೇ ಇತ್ತು. ಶಂಕುವಿನಾಕಾರದ ತುದಿಗೆ ಸೌದೆ ಒಲೆಯ ಪಾತ್ರೆಯ ತಳದಂತೆ ಮಸಿ ಹಿಡಿದು, ಅದು ಅಲ್ಲೇ ಕಚ್ಚಿಕೊಂಡಿತ್ತು. ತುದಿ ಕೆಳಗಿರುವಂತೆ ಹಿಡಿದು, ಕ್ಲೀನರ್ ಮೋಟಾರಿನೊಳಗೆ ಇಳಿಯದಂತೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಆ ತುದಿಯನ್ನು ಕೈಯಿಂದ ಎಳೆಯಲೂ ಬಾರದು, ಒತ್ತಲೂ ಬಾರದು. ಒಳಗಿನ ಸ್ಕ್ರೂವಿನ ಸೂಕ್ಷ್ಮ ಥ್ರೆಡ್ಡುಗಳು ಹಾಳಾಗುತ್ತವೆ. ಥ್ರಾಟಲ್ ಬಾಡಿಯ ಗಾಳಿದಾರಿಯನ್ನೂ ಹೊಳೆಯುವ ತನಕ ಒರೆಸಿದೆ.

ಜೋಡಿಸಿ ಚಾಲೂ ಮಾಡಿದರೆ ಮುಳ್ಳು 1,300ಕ್ಕೆ ಏರಿ ನಿಂತಿತು! ಒಂದು ಗಂಟೆ ತಡಕಾಡಿದ ಮೇಲೆ ಥ್ರಾಟಲ್ಲಿನ ತಡೆ ಸ್ಕ್ರೂವಿನ ಮೇಲೆ ಸ್ಕ್ರೂಡ್ರೈವರಿನ ಗೀರುಗಳು ಕಂಡವು. ಹಿಂದೆ ಯಾರೋ ಅದನ್ನು ತಿರುಗಿಸಿ, ಥ್ರಾಟಲ್ ಪೂರ್ತಿ ಮುಚ್ಚದಂತೆ ಮಾಡಿ, ಮಸಿ ಕಟ್ಟಿಕೊಳ್ಳುತ್ತಿದ್ದ ವಾಲ್ವಿನ ದೋಷವನ್ನು ಮರೆಮಾಡಿದ್ದರು. ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ಮಸಿ ಕಟ್ಟುವುದು ಸಹಜ. ಅದನ್ನು ಮುಚ್ಚಿಟ್ಟು ಕಾರನ್ನು ಘಾಟಿಗೆ ಕಳಿಸುವುದು ಹಾಗಲ್ಲ. ಥ್ರಾಟಲ್ ತಟ್ಟೆ ಗೋಡೆಗೆ ಸಿಕ್ಕಿಕೊಳ್ಳದೆ ಮುಚ್ಚುವಷ್ಟು ಸ್ಕ್ರೂ ಸಡಿಲಿಸಿದೆ. ಎಂಜಿನ್ ಕಂಪ್ಯೂಟರ್ ಹಳೆಯ ಲೆಕ್ಕ ಮರೆತು ಹೊಸದಾಗಿ ಕಲಿಯಲೆಂದು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಹತ್ತು ನಿಮಿಷ ಬಿಚ್ಚಿಟ್ಟು, ಮತ್ತೆ ಹಾಕಿ, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಎಂಜಿನ್ನನ್ನು ಐಡ್ಲಿಂಗಿನಲ್ಲೇ ಓಡಿಸಿದೆ.

ಮರುದಿನ ಘಾಟಿ ಇಳಿದು ಗುಂಡ್ಯದಲ್ಲಿ ನಿಂತಾಗ ಎ.ಸಿ. ಹಾಕಿದೆ. ಮುಳ್ಳು ಒಂದು ಕ್ಷಣ ತಗ್ಗಿ, ತಾನಾಗಿಯೇ 900ಕ್ಕೆ ಏರಿತು.