ಟೊಮೆಟೊ ಸಾಸ್ ಆಯ್ತು ಅಂತ ಗೊತ್ತಾಗೋದು ಹೇಗೆ?

ಪಾಸ್ತಾಗೆ ಟೊಮೆಟೊ ಸಾಸ್ ಕುದಿಯುವಾಗ ನನ್ನ ಕಣ್ಣು ಬಾಣಲೆಯ ಅಂಚಿನ ಮೇಲೆಯೇ ಇರುತ್ತದೆ. ಈ ಅಭ್ಯಾಸ ಬಂದದ್ದು ಹಳೆಯ ಇಟಾಲಿಯನ್ ಪಾಕವಿಧಾನಗಳಿಂದ. ಇಷ್ಟು ನಿಮಿಷ ಅಂತ ಹೇಳುವ ಬದಲು, ಏನು ಕಂಡಾಗ ಒಲೆಯಿಂದ ಇಳಿಸಬೇಕು ಅಂತ ಅವು ಹೇಳುತ್ತವೆ.

ನಾನು ಬಳಸುವುದು ಚೆನ್ನಾಗಿ ಹಣ್ಣಾದ ಒಂದು ಕೆಜಿ ಟೊಮೆಟೊ, ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆ, ಮೂರು ಎಸಳು ಬೆಳ್ಳುಳ್ಳಿ, ಉಪ್ಪು, ಒಂದಿಷ್ಟು ಬೇಸಿಲ್ ಎಲೆ. ಇಷ್ಟೇ. ಟೊಮೆಟೊ ತಳದಲ್ಲಿ ಚಾಕುವಿನಿಂದ ಗೀರಿ ಕುದಿಯುವ ನೀರಿಗೆ ಹಾಕುತ್ತೇನೆ. ಸಿಪ್ಪೆ ಸುರುಳಿ ಬಿಟ್ಟುಕೊಂಡ ತಕ್ಷಣ ತಣ್ಣೀರಿಗೆ ತೆಗೆದು ಸುಲಿಯುತ್ತೇನೆ. ಹಣ್ಣನ್ನು ಕೈಯಲ್ಲೇ ಹಿಸುಕುತ್ತೇನೆ. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ಬಣ್ಣ ಪೇಲವವಾಗುತ್ತದೆ, ನನಗದು ಇಷ್ಟವಿಲ್ಲ.

ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಇಡುತ್ತೇನೆ. ಘಮ ಬರಬೇಕು, ಕೆಂಪಾಗಬಾರದು. ಕೆಂಪಾದರೆ ಅದರ ಕಹಿ ಇಡೀ ಸಾಸ್‌ಗೆ ಇಳಿಯುತ್ತದೆ. ಆಮೇಲೆ ಟೊಮೆಟೊ, ಉಪ್ಪು. ಬಾಣಲೆ ಅಗಲವಾಗಿರಲಿ. ನೀರು ಬೇಗ ಆರಿದಷ್ಟೂ ಹಣ್ಣಿನ ತಾಜಾ ರುಚಿ ಉಳಿಯುತ್ತದೆ.

ಇನ್ನು ಮೇಲೆ ನೋಡುವ ಕೆಲಸ. ಮೊದಲು ಗುಳ್ಳೆಗಳು ಸಣ್ಣವು, ಚುರುಕು, ಮೇಲೆಲ್ಲ ನೊರೆ. ನೀರು ಇಳಿಯುತ್ತಾ ಬಂದಂತೆ ಗುಳ್ಳೆ ದೊಡ್ಡದಾಗುತ್ತದೆ, ನಿಧಾನವಾಗಿ ಒಡೆಯುತ್ತದೆ, ಕುದಿಯುವ ಸದ್ದೇ ದಪ್ಪವಾಗುತ್ತದೆ. ಅಂಚಿನಲ್ಲಿ ಕಿತ್ತಳೆ ಬಣ್ಣದ ಎಣ್ಣೆ ಬಿಟ್ಟುಕೊಳ್ಳಲು ಶುರುವಾಗುತ್ತದೆ. ಆಗ ಸೌಟಿನಿಂದ ನಡುವೆ ಒಂದು ಗೆರೆ ಎಳೆಯುತ್ತೇನೆ. ತಳ ಕಂಡು, ಆ ದಾರಿ ಮೆಲ್ಲಗೆ ಮುಚ್ಚಿಕೊಂಡರೆ ಸಾಸ್ ಆಯಿತು. ಸಾಮಾನ್ಯವಾಗಿ ಅರ್ಧ ಗಂಟೆ ಹಿಡಿಯುತ್ತದೆ, ಹಣ್ಣಿನಲ್ಲಿ ನೀರು ಜಾಸ್ತಿ ಇದ್ದರೆ ಇನ್ನೂ ಹೆಚ್ಚು. ಬೇಸಿಲ್ ಎಲೆಯನ್ನು ಕೊನೆಯಲ್ಲಿ ಹರಿದು ಹಾಕುತ್ತೇನೆ.

ಟೊಮೆಟೊ ಸಾಸ್‌ಗೂ ಪಾಸ್ತಾಗೂ ಇರುವ ನಂಟು ನಾವಂದುಕೊಂಡಷ್ಟು ಹಳೆಯದಲ್ಲ. ಅಮೆರಿಕ ಖಂಡದ ಈ ಹಣ್ಣು ಯುರೋಪಿಗೆ ಬಂದಿದ್ದೇ 16ನೇ ಶತಮಾನದಲ್ಲಿ. 1690ರ ದಶಕದಲ್ಲಿ ಇಟಲಿಯ ನೇಪಲ್ಸ್‌ನ ಅಡುಗೆ ಪುಸ್ತಕದ ಲೇಖಕ ಅಂತೋನಿಯೊ ಲತೀನಿ ಸ್ಪ್ಯಾನಿಷ್ ಬಗೆಯ ಒಂದು ಟೊಮೆಟೊ ಸಾಸ್ ಬರೆದಿಟ್ಟರು. ಕೆಂಡದ ಮೇಲೆ ಸುಟ್ಟು ಸಿಪ್ಪೆ ತೆಗೆದ ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಎಲ್ಲವನ್ನೂ ಸಣ್ಣಗೆ ಹೆಚ್ಚಿ ಉಪ್ಪು, ಎಣ್ಣೆ, ವಿನೆಗರ್ ಬೆರೆಸುವುದು. ಅದರಲ್ಲಿ ಪಾಸ್ತಾದ ಸುಳಿವೇ ಇಲ್ಲ. ನಾನು ಮಾಡಿ ನೋಡಿದ್ದೇನೆ, ಆ ಸುಟ್ಟ ಘಮ ತುಂಬಾ ಚೆನ್ನ. ವರ್ಮಿಚೆಲ್ಲಿ ಅನ್ನುವ ಎಳೆಯಂಥ ಪಾಸ್ತಾಗೆ ಟೊಮೆಟೊ ಬೆರೆಸುವುದನ್ನು ಇನ್ನೊಬ್ಬ ಅಡುಗೆ ಲೇಖಕ ಇಪ್ಪೊಲಿತೊ ಕವಲ್ಕಾಂತಿ ಅದೇ ನೇಪಲ್ಸ್‌ನಲ್ಲಿ ಬರೆಯುವ ಹೊತ್ತಿಗೆ 1830ರ ದಶಕ ಮುಗಿಯುತ್ತಾ ಬಂದಿತ್ತು.

ನನಗೆ ಬಹಳ ಹಿಡಿಸಿದ್ದು ಇಟಲಿಯವರೇ ಆದ ಪೆಲ್ಲೆಗ್ರಿನೊ ಅರ್ತೂಸಿ. ಅವರು ವೃತ್ತಿಯಿಂದ ಬಾಣಸಿಗರಲ್ಲ, ರೇಷ್ಮೆ ವ್ಯಾಪಾರಿ. 1891ರಲ್ಲಿ ತಮ್ಮ ಅಡುಗೆ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅವರ ಟೊಮೆಟೊ ಸಾಸ್‌ಗೆ ಕಾಲು ಈರುಳ್ಳಿ, ಒಂದು ಎಸಳು ಬೆಳ್ಳುಳ್ಳಿ, ಬೆರಳುದ್ದದ ಸೆಲರಿ, ಏಳೆಂಟು ಟೊಮೆಟೊ ಬೇಕು. ನಿಮಿಷದ ಮಾತೇ ಇಲ್ಲ. ರಸ ತೆಳ್ಳನೆಯ ಕೆನೆಯಷ್ಟು ಗಟ್ಟಿಯಾದದ್ದು ಕಂಡಾಗ ಜರಡಿಯಲ್ಲಿ ಸೋಸಿ ಅನ್ನುತ್ತಾರೆ. ಎಂಥ ಹಣ್ಣು ಸಿಕ್ಕರೂ, ಎಂಥ ಒಲೆ ಇದ್ದರೂ ಈ ಗುರುತು ಕೈಕೊಡುವುದಿಲ್ಲ ಅಲ್ವಾ? ನಿಖರ ಅಳತೆ ಬೇಡ ಅಂತ ನಾನು ಹೇಳುತ್ತಿಲ್ಲ. 1896ರಲ್ಲಿ ಅಮೆರಿಕದ ಅಡುಗೆ ಲೇಖಕಿ ಫ್ಯಾನಿ ಫಾರ್ಮರ್ ಅಳತೆಯ ಕಪ್, ಚಮಚಗಳನ್ನು ಮಟ್ಟಸವಾಗಿ ತುಂಬಿ ಅಳೆಯಬೇಕು ಅಂತ ಪಟ್ಟು ಹಿಡಿದರು. ಕೇಕ್ ಮಾಡುವಾಗ ನಾನೂ ಹಾಗೇ ಅಳೆಯುತ್ತೇನೆ. ಸಾಸ್‌ಗೆ ಮಾತ್ರ ಇಟಾಲಿಯನ್ ಅಡುಗೆ ಲೇಖಕಿ ಮಾರ್ಚೆಲ್ಲಾ ಹಜಾನ್ ಅವರ 1992ರ ಪುಸ್ತಕದ ದಾರಿ ಸರಿ ಅನಿಸುತ್ತದೆ. ಟೊಮೆಟೊ, ಬೆಣ್ಣೆ, ಎರಡು ಹೋಳು ಮಾಡಿದ ಈರುಳ್ಳಿ ಹಾಕಿ 45 ನಿಮಿಷ ಕುದಿಸಿ, ಇಲ್ಲವೇ ಜಿಡ್ಡು ಬಿಟ್ಟು ಮೇಲೆ ತೇಲುವವರೆಗೆ ಅನ್ನುತ್ತಾರೆ ಅವರು. ಟೊಮೆಟೊ ಹುಳಿ ಇದ್ದ ದಿನ ನಾನು ಮಾಡುವುದು ಇದನ್ನೇ.

ಪಾಸ್ತಾವನ್ನು ಪೊಟ್ಟಣದ ಮೇಲಿನ ಸಮಯಕ್ಕಿಂತ ಒಂದು ನಿಮಿಷ ಮೊದಲೇ ತೆಗೆದು ಸಾಸ್‌ಗೆ ಹಾಕಿ. ಬೇಯಿಸಿದ ನೀರನ್ನು ಅರ್ಧ ಸೌಟು ಸೇರಿಸಿ, ಜೋರು ಉರಿಯಲ್ಲಿ ಕೈಯಾಡಿಸಿ. ಆ ನೀರಿನಲ್ಲಿರುವ ಪಿಷ್ಟ ಎಣ್ಣೆಯನ್ನೂ ರಸವನ್ನೂ ಕೂಡಿಸುತ್ತದೆ. ತಟ್ಟೆಗೆ ಬಡಿಸಿದಾಗ ಸುತ್ತ ನೀರು ಒಸರದಿದ್ದರೆ ಸರಿಯಾಗಿ ಹಿಡಿದಿದೆ ಅಂತ ಅರ್ಥ.