ಪ್ಲಾಸ್ಮಾ ಸ್ಯಾಂಪಲ್ ಇಡುವ ಕೆಲಸ: ಫ್ರೀಜರ್‌ಗಿಂತ ಲೆಕ್ಕದ್ದೇ ಜಾಸ್ತಿ

ಕ್ಲಿನಿಕಲ್ ಸ್ಟಡಿಯ, ಅಂದರೆ ಜನರ ಮೇಲೆ ನಡೆಸುವ ಔಷಧಿ ಪರೀಕ್ಷೆಯ, ಪ್ಲಾಸ್ಮಾ (ರಕ್ತದ ಕಣಗಳನ್ನು ಬೇರ್ಪಡಿಸಿದ ದ್ರವ) ಸ್ಯಾಂಪಲ್ ಅಂದರೆ ಎಲ್ಲರೂ ಮೊದಲು ಕೇಳುವುದು ಯಾವ ಫ್ರೀಜರ್ ಅಂತ. ನಾನು ಶುರು ಮಾಡುವುದು ಸ್ಟೆಬಿಲಿಟಿ ಡೇಟಾದಿಂದ. ಆ ಔಷಧಿ ಪ್ಲಾಸ್ಮಾದಲ್ಲಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ವ್ಯಾಲಿಡೇಶನ್‌ನಲ್ಲಿ (ಅಳೆಯುವ ವಿಧಾನವನ್ನೇ ಪರೀಕ್ಷಿಸಿ ನೋಡುವಾಗ) ತೋರಿಸಿದ್ದಾರೋ, ನಮ್ಮ ಕೈಲಿರುವುದು ಅಷ್ಟೇ ದಿನ. ಈ ಲೆಕ್ಕ ಸ್ಯಾಂಪಲ್ ಲ್ಯಾಬಿಗೆ ಬಂದ ದಿನದಿಂದಲ್ಲ, ರಕ್ತ ತೆಗೆದ ದಿನದಿಂದ. ಅದಕ್ಕೇ ಪ್ರತಿ ಬಾಕ್ಸ್‌ನ ಎದುರು ಅದರಲ್ಲಿರುವ ಅತಿ ಹಳೆಯ ಟ್ಯೂಬ್‌ನ ತಾರೀಖು ಬರೆದಿಡುತ್ತೇನೆ.

ಔಷಧಿ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ 2022ರ ಎಂ10 ಮಾರ್ಗಸೂಚಿ ಪ್ರಕಾರ ರಾಸಾಯನಿಕ ಔಷಧಿಗಳಿಗೆ ಮೈನಸ್ 20 ಡಿಗ್ರಿಯ ಡೇಟಾ ಇದ್ದರೆ ಮೈನಸ್ 70ಕ್ಕೂ ಅದೇ ಸಾಕು. ಬಯಾಲಾಜಿಕಲ್ (ಜೀವಕೋಶಗಳಂಥ ಜೈವಿಕ ಮೂಲದಿಂದ ತಯಾರಿಸಿದ) ಔಷಧಿಗಳಿಗೆ ಈ ಸಲೀಸು ಇಲ್ಲ, ಎರಡೂ ತಾಪಮಾನದಲ್ಲಿ ಕೆಡುವುದಿಲ್ಲ ಎಂದು ತೋರಿಸಿದರೆ ನಡುವಿನ ತಾಪಮಾನಕ್ಕೆ ಮಾತ್ರ ವಿನಾಯಿತಿ.

ಫ್ರೀಜರ್ ಬಂದ ಮೇಲೆ ಮ್ಯಾಪಿಂಗ್, ಅಂದರೆ ಒಳಗೆ ಎಲ್ಲೆಲ್ಲಿ ಎಷ್ಟು ತಣ್ಣಗಿದೆ ಎಂದು ಅಳೆಯುವುದು. ಮೂಲೆ, ಮಧ್ಯ, ಬಾಗಿಲ ಹತ್ತಿರ, ಎಲ್ಲ ಕಡೆ ಸೆನ್ಸರ್ ಇಟ್ಟು, ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ ನೋಡಿದೆ. ಮೇಲಿನ ಶೆಲ್ಫ್‌ನ ಬಾಗಿಲ ಪಕ್ಕದ ಜಾಗವೇ ಎಲ್ಲಕ್ಕಿಂತ ಬೆಚ್ಚಗಿತ್ತು, ಹಾಗಾಗಿ ದಿನವೂ ನೋಡುವ ಪ್ರೋಬ್ ಅಲ್ಲೇ ಕೂರಿಸಿದೆ. ತಣ್ಣಗಿರುವ ಕಡೆ ಪ್ರೋಬ್ ಇಟ್ಟರೆ ಗ್ರಾಫ್ ಚೆನ್ನಾಗಿ ಕಾಣುತ್ತದೆ, ಆದರೆ ಸುಮ್ನೆ ನಮ್ಮ ಸಮಾಧಾನಕ್ಕೆ, ಅಲ್ವಾ?

ಒಂದು ರಾತ್ರಿ ಕಂಪ್ರೆಸರ್ ಕೈಕೊಟ್ಟಿತು. ಅಲಾರಂ ಮಿತಿಗಿಂತ ಮುಂಚೆಯೇ ಹೊಡೆಯುವಂತೆ ಇಟ್ಟಿದ್ದರಿಂದ ಎಲ್ಲವನ್ನೂ ಬ್ಯಾಕಪ್ ಫ್ರೀಜರ್‌ಗೆ ಸಾಗಿಸಲು ಹೊತ್ತು ಸಿಕ್ಕಿತು, ಬಾಗಿಲು ಪದೇ ಪದೇ ತೆಗೆಯದೆ ಒಂದೊಂದು ಶೆಲ್ಫ್ ಪೂರ್ತಿ ಖಾಲಿ ಮಾಡಿದೆವು. ನಿಜವಾದ ಕೆಲಸ ಇದ್ದದ್ದು ಬೆಳಿಗ್ಗೆ. ಎಷ್ಟು ಹೊತ್ತು, ಎಷ್ಟು ಡಿಗ್ರಿವರೆಗೆ ಏರಿತು, ಯಾವ್ಯಾವ ಬಾಕ್ಸ್ ಒಳಗಿತ್ತು, ಆ ತಾಪಮಾನಕ್ಕೆ ಸ್ಟೆಬಿಲಿಟಿ ಡೇಟಾ ಇದೆಯೇ, ಇಷ್ಟನ್ನೂ ಡಿವಿಯೇಶನ್‌ನಲ್ಲಿ (ನಿಯಮ ತಪ್ಪಿದ್ದರ ದಾಖಲೆಯಲ್ಲಿ) ಬರೆದು ಸ್ಪಾನ್ಸರ್‌ಗೆ, ಅಂದರೆ ಸ್ಟಡಿ ನಡೆಸುವ ಹೊಣೆ ಹೊತ್ತ ಸಂಸ್ಥೆಗೆ, ಅದೇ ದಿನ ತಿಳಿಸಿದೆ. ಕರಗಿದ್ದರೆ ಅದನ್ನೂ ಒಂದು ಫ್ರೀಜ್-ಥಾ ಸೈಕಲ್ (ಹೆಪ್ಪುಗಟ್ಟಿ ಕರಗುವ ಒಂದು ಸುತ್ತು) ಎಂದೇ ಎಣಿಸಬೇಕಿತ್ತು. ಅದೃಷ್ಟಕ್ಕೆ ಕರಗಿರಲಿಲ್ಲ.

ಪ್ರತಿ ಸ್ಯಾಂಪಲ್ ಎರಡು ಟ್ಯೂಬ್‌ಗೆ ಹಂಚಿ ಬೇರೆ ಬೇರೆ ಫ್ರೀಜರ್‌ನಲ್ಲಿ ಇಡುತ್ತೇನೆ. ಮೊದಲ ಸೆಟ್ ಕಳಿಸಿದ ಕಡೆ ಸುರಕ್ಷಿತವಾಗಿ ತಲುಪಿದ ಸುದ್ದಿ ಬರುವವರೆಗೆ ಎರಡನೆಯದು ಅಲುಗಾಡುವುದಿಲ್ಲ. ಡ್ರೈ ಐಸ್‌ನಲ್ಲಿಟ್ಟು ಕಳಿಸುವಾಗ ಟ್ಯೂಬ್‌ನ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡುತ್ತೇನೆ: ಡ್ರೈ ಐಸ್‌ನಿಂದ ಬರುವ ಕಾರ್ಬನ್ ಡೈ ಆಕ್ಸೈಡ್ ಒಳಗೆ ನುಗ್ಗಿದರೆ ಪ್ಲಾಸ್ಮಾದ ಪಿಎಚ್ ಇಳಿಯುತ್ತದೆ. ಜನ ತಾಪಮಾನದ ಲಾಗರ್ ನೋಡಿ ಖುಷಿಪಡುತ್ತಾರೆ, ಇದನ್ನು ಮರೆತೇ ಬಿಡುತ್ತಾರೆ.

ಇನ್‌ಸ್ಪೆಕ್ಟರ್ ಬಂದಾಗ ಫ್ರೀಜರ್ ಮಾಡೆಲ್ ಕೇಳಲೇ ಇಲ್ಲ. ಪಟ್ಟಿಯಿಂದ ಒಂದು ಟ್ಯೂಬ್ ಆರಿಸಿ, ರಕ್ತ ತೆಗೆದ ಗಂಟೆಯಿಂದ ಈ ಕ್ಷಣದವರೆಗೆ ಅದು ಎಲ್ಲಿತ್ತು, ಯಾರು ಹೊರಗೆ ತೆಗೆದರು, ಎಷ್ಟು ನಿಮಿಷ ಬೆಂಚ್ ಮೇಲಿತ್ತು ತೋರಿಸಿ ಎಂದರು. ಪ್ರತಿ ಸಲ ತೆಗೆದಾಗ, ಇಟ್ಟಾಗ ಸಹಿ ಮತ್ತು ಸಮಯ ಬರೆಸುವುದು ನಮ್ಮ ಹುಡುಗರಿಗೆ ಕಿರಿಕಿರಿಯೇ. ಆದರೆ ಆವತ್ತು ಉತ್ತರ ಕೊಟ್ಟದ್ದು ಆ ಪುಟಗಳೇ.

ಸ್ಟಡಿ ಮುಗಿದ ಕೂಡಲೇ ಜಾಗ ಬೇಕೆಂದು ಯಾವುದನ್ನೂ ಎಸೆಯುವುದಿಲ್ಲ. ಸ್ಪಾನ್ಸರ್ ಬರಹದಲ್ಲಿ ಒಪ್ಪಿಗೆ ಕೊಡಬೇಕು, ರಕ್ತ ಕೊಟ್ಟ ಭಾಗಿಗಳು ಸಹಿ ಮಾಡಿದ ಒಪ್ಪಿಗೆ ಪತ್ರದಲ್ಲಿ ಅವರಿಗೆ ಹೇಳಿದ ಅವಧಿಯನ್ನೂ ನೋಡಬೇಕು, ಆಮೇಲೆ ಟ್ಯೂಬ್ ಎಣಿಸಿ ಪಟ್ಟಿಗೆ ತಾಳೆ ಹಾಕಿ ನಾಶಕ್ಕೆ ಕಳಿಸುತ್ತೇನೆ.