ಅಳುವಾಗ ಸೊಟ್ಟಗಾಗುವ ಬಾಯಿ: ಹೆರಿಗೆಯಲ್ಲಿ ಮುಖದ ನರಕ್ಕೆ ಪೆಟ್ಟಾದ ಕೂಸನ್ನು ನಾನು ನೋಡಿಕೊಳ್ಳುವ ಬಗೆ

ಕೂಸು ಅಳುವಾಗ ಬಾಯಿ ಎಡಕ್ಕೆ ಎಳೆದರೆ ತೊಂದರೆ ಇರುವುದು ಬಲಗಡೆ. ಗೋವಾದ ವಾಸ್ಕೋದ ಬಾಯ್ನಾ, ಝುವಾರಿನಗರ ಕಡೆಯಿಂದ ಬರುವ ನಮ್ಮ ವಿಜಯಪುರ, ಬಾಗಲಕೋಟೆ, ಗದಗಿನ ಮಂದಿ ಬೆರಳಿಟ್ಟು ತೋರಿಸುವುದು ಎಳೆದ ಬದಿಯನ್ನೇ: "ಈ ಕಡೆ ಸೊಟ್ಟ ಆಗೇತ್ರಿ ಡಾಕ್ಟರ." ಅದು ಸರಿಯಿರುವ ಬದಿ. ಎದುರು ಬದಿಯ ಸ್ನಾಯು ಸೋತಿದ್ದರಿಂದ ತಡೆಯಿಲ್ಲದೆ ಎಳೆಯುತ್ತದೆ. ಕೇಸ್ ಪೇಪರಿನಲ್ಲಿ ಬದಿ ತಪ್ಪಿದರೆ ಕಣ್ಣಿನ ಹನಿಯೂ ಬೇಡದ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಬರೀ 'ಬಲ' ಎಂದು ಬರೆಯದೆ "ಬಲಗಣ್ಣು ಮುಚ್ಚುತ್ತಿಲ್ಲ, ಬಾಯಿ ಎಡಕ್ಕೆ ಹೋಗುತ್ತದೆ" ಎಂದು ಪೂರ್ತಿ ಬರೆಯುತ್ತೇನೆ.

ಏಳನೆಯ ಕಪಾಲ ನರ ಕಿವಿಯ ಕೆಳಗಿನ ಸಣ್ಣ ರಂಧ್ರದಿಂದ ಹೊರಬಂದು ಮುಖಕ್ಕೆ ಹರಡುತ್ತದೆ. ದೊಡ್ಡವರಲ್ಲಿ ಕಿವಿಯ ಹಿಂದಿನ ಎಲುಬಿನ ಉಬ್ಬು ಅದಕ್ಕೆ ಮರೆಯಾಗಿರುತ್ತದೆ. ಹುಟ್ಟಿದ ಕೂಸಿಗೆ ಆ ಉಬ್ಬು ಇನ್ನೂ ಬೆಳೆದಿರುವುದಿಲ್ಲ, ನರ ಚರ್ಮದ ಕೆಳಗೇ ಇರುತ್ತದೆ. ಕೂಸಿನ ತಲೆ ಹಿಡಿದು ಹೊರಗೆಳೆಯುವ ಇಕ್ಕಳದ, ಅಂದರೆ ಫೋರ್ಸೆಪ್ಸಿನ ಅಲಗು ಅಲ್ಲಿ ಒತ್ತಬಹುದು. ಫೋರ್ಸೆಪ್ಸ್ ಮುಟ್ಟದಿದ್ದರೂ, ತಾಯಿಯ ಸೊಂಟದ ಹಿಂಬದಿಯ ಎಲುಬಿನ (ತ್ರಿಕಾಸ್ಥಿಯ) ಉಬ್ಬಿಗೆ ಕೆನ್ನೆ ತಾಸುಗಟ್ಟಲೆ ಒತ್ತಿಕೊಂಡರೆ ಸಾಕು. ಚೊಚ್ಚಲು ಹೆರಿಗೆ, ಮೂರೂವರೆ ಕಿಲೋ ಮೀರಿದ ಕೂಸು, ತಲೆ ಕೆಳಗಿಳಿದ ಮೇಲೆ ಬಹಳ ಹೊತ್ತು ಮುಕ್ಕಿದ್ದು, ಇವು ಇದ್ದಲ್ಲಿ ಹೆಚ್ಚು. "ಡಾಕ್ಟರು ಎಳೆದು ಕೆಡಿಸಿದರು" ಎಂಬ ಮಾತಿಗೆ ತಲೆಯಾಡಿಸುವ ಮೊದಲು ಹೆರಿಗೆಯ ಟಿಪ್ಪಣಿ ಓದುವುದು ಒಳ್ಳೆಯದು.

ಪರೀಕ್ಷೆಯನ್ನು ಮಲಗಿದ ಕೂಸಿನಿಂದ ಶುರುಮಾಡುತ್ತೇನೆ. ನಿದ್ದೆಯಲ್ಲಿ ಮುಖ ನೇರವಾಗೇ ಕಾಣಬಹುದು. ಸಿಗುವ ಗುರುತು ಎರಡೇ: ಒಂದು ಕಣ್ಣು ಸೀಳು ಬಿಟ್ಟಿರುವುದು, ಅದೇ ಬದಿಯಲ್ಲಿ ಮೂಗಿನಿಂದ ತುಟಿಯಂಚಿಗೆ ಇಳಿಯುವ ಗೆರೆ ಮಾಸಿರುವುದು. ಆಮೇಲೆ ಅಂಗಾಲು ತಟ್ಟಿ ಅಳಿಸಿ, ಹಣೆ ಸುಕ್ಕುಗಟ್ಟುತ್ತದೆಯೇ, ರೆಪ್ಪೆ ಬಿಗಿಯುತ್ತದೆಯೇ, ತುಟಿಯಂಚು ಏಳುತ್ತದೆಯೇ ಎಂದು ಮೇಲಿನಿಂದ ಕೆಳಕ್ಕೆ ನೋಡುತ್ತೇನೆ. ಹುಬ್ಬುಗಳ ನಡುವೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಎರಡೂ ಕಣ್ಣು ಮಿಟುಕಬೇಕು. ತಾಯಿಯ ಫೋನಿನಲ್ಲೇ ಅರ್ಧ ನಿಮಿಷದ ವಿಡಿಯೊ ಮಾಡಿಸುತ್ತೇನೆ, ಮಲಗಿದಾಗ, ಅಳುವಾಗ, ಹಾಲು ಕುಡಿಯುವಾಗ. ಮುಂದಿನ ಭೇಟಿಯಲ್ಲಿ ಯಾರ ನೆನಪನ್ನೂ ನಂಬಬೇಕಾಗಿಲ್ಲ. ಮುಖದ ಸೋಲನ್ನು ಅಳೆಯುವ 1985ರ ಹೌಸ್-ಬ್ರಾಕ್‌ಮನ್ ಶ್ರೇಣಿ, ಹೇಳಿದಂತೆ ಮಾಡಬಲ್ಲ ದೊಡ್ಡವರಿಗೆ ಸರಿ. "ಹಲ್ಲು ತೋರಿಸು" ಎಂದು ಎರಡು ದಿನದ ಕೂಸಿಗೆ ಹೇಳುವುದು ಹೇಗೆ? ನಾನು ಬರೆಯುವುದು ನಿದ್ದೆಯಲ್ಲಿ ರೆಪ್ಪೆಗಳ ನಡುವಿನ ಅಂತರ ಎಷ್ಟು ಮಿಲಿಮೀಟರ್, ಗೆರೆ ಇದೆಯೋ ಇಲ್ಲವೋ, ತುಟಿಯಂಚು ಅಲುಗುತ್ತದೋ ಇಲ್ಲವೋ, ಇಷ್ಟೇ.

ಹಣೆಯೂ ಸೋತಿದ್ದರೆ ಪೆಟ್ಟು ನರಕ್ಕೇ. ಹಣೆ ಸರಿಯಿದ್ದು ಕೆಳಭಾಗ ಮಾತ್ರ ಸೋತಿದ್ದರೆ ಮಿದುಳಿನ ಕಡೆ ನೋಡಬೇಕು. ಫಿಟ್ಸ್, ಮಂಕು, ಉಬ್ಬಿದ ನೆತ್ತಿ ಜೊತೆಗಿದ್ದರೆ ತಲೆಯ ಸ್ಕ್ಯಾನಿಗೆ ತಡಮಾಡುವುದಿಲ್ಲ. ಕಿವಿಯ ಹಿಂದೆ ಕಂದಿದೆಯೇ, ಕಿವಿತಮಟೆಯ ಹಿಂದೆ ರಕ್ತ ನಿಂತಿದೆಯೇ, ಕೊರಳೆಲುಬು ಮುರಿದಿದೆಯೇ, ಅದೇ ಬದಿಯ ಕೈ ಆಡುತ್ತದೆಯೇ ಎಂದೂ ನೋಡುತ್ತೇನೆ. ಪೆಟ್ಟಿನ ಸೋಲು ಹುಟ್ಟಿದ ಒಂದೆರಡು ದಿನದಲ್ಲೇ ಕಾಣುತ್ತದೆ. ವಾರ ಚೆನ್ನಾಗಿದ್ದ ಮುಖ ಆಮೇಲೆ ಸೋತರೆ ಅದು ಹೆರಿಗೆಯ ಪೆಟ್ಟಲ್ಲ, ಕಿವಿಯ ಸೋಂಕು ಹುಡುಕಬೇಕು.

ಬಹಳ ಜನ ಎಡವುವುದು ಇಲ್ಲಿ. ಕಣ್ಣು ಪೂರ್ತಿ ಮುಚ್ಚುತ್ತದೆ, ಹಣೆ ಸುಕ್ಕಾಗುತ್ತದೆ, ಗೆರೆ ಎರಡೂ ಕಡೆ ಇದೆ, ಅತ್ತಾಗ ಕೆಳತುಟಿಯ ಒಂದು ಅಂಚು ಮಾತ್ರ ಕೆಳಗಿಳಿಯುವುದಿಲ್ಲ. ಇದು ಸಾಮಾನ್ಯವಾಗಿ ನರದ ಪೆಟ್ಟಲ್ಲ, ತುಟಿಯಂಚನ್ನು ಕೆಳಗೆಳೆಯುವ ಸ್ನಾಯು ಹುಟ್ಟಿನಿಂದಲೇ ಬೆಳೆದಿಲ್ಲ. ಕಣ್ಣಿಗೆ ಅಪಾಯವಿಲ್ಲ, ಆದರೆ ಹೃದಯ ನೋಡದೆ ಬಿಡಬಾರದು. ಈ ಮುಖಕ್ಕೂ ಹೃದಯದ ದೋಷಕ್ಕೂ ಇರುವ ನಂಟನ್ನು ಮಕ್ಕಳ ಹೃದಯ ತಜ್ಞ ಕೇಲರ್ 1969ರಲ್ಲೇ ಬರೆದಿದ್ದರು; 22ನೇ ಕ್ರೋಮೋಸೋಮಿನ ತುಣುಕು ಬಿಟ್ಟುಹೋದ ಮಕ್ಕಳೂ ಇವರಲ್ಲಿರುತ್ತಾರೆ. ಹೃದಯದಲ್ಲಿ ಮರ್ಮರ್ ಸದ್ದು ಕೇಳಲಿ ಬಿಡಲಿ ಎಕೊ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸುತ್ತೇನೆ. ದೋಷ ಸಿಕ್ಕರೆ ರಕ್ತದ ಕ್ಯಾಲ್ಸಿಯಂ ನೋಡಿ, ಜೀನ್ ಪರೀಕ್ಷೆಗೆ ಬರೆಯುತ್ತೇನೆ. ಎರಡೂ ಬದಿ ಸೋತು ಕಣ್ಣುಗುಡ್ಡೆ ಹೊರಕ್ಕೆ ತಿರುಗದಿದ್ದರೆ ಅದು ಹುಟ್ಟಿನಿಂದ ಬರುವ ಮೋಬಿಯಸ್ ಸಿಂಡ್ರೋಮ್. ಕಿವಿ ಪುಟ್ಟದಾಗಿ ದವಡೆ ಒಂದು ಕಡೆ ಸಣ್ಣದಿದ್ದರೆ ಅದೂ ಹುಟ್ಟಿನದೇ. ಗರ್ಭದಲ್ಲಿ ತಲೆ ಒತ್ತಿಕೊಂಡಿದ್ದ ಕೂಸಿಗೆ ದವಡೆಯಷ್ಟೇ ಓರೆಯಾಗಿರುತ್ತದೆ: ಬಾಯಿ ತೆರೆಸಿದರೆ ಮೇಲಿನ ಕೆಳಗಿನ ಒಸಡು ಸಮಾನಾಂತರ ಇರುವುದಿಲ್ಲ. ಗ್ರಹಣಕ್ಕೂ ಇದಾವುದಕ್ಕೂ ಸಂಬಂಧವಿಲ್ಲ. ಇದನ್ನು ಸೊಸೆಯ ಎದುರಿಗೇ ಅತ್ತೆಗೆ ಹೇಳುತ್ತೇನೆ, ಇಲ್ಲದಿದ್ದರೆ ಬೈಗುಳ ಬೀಳುವುದು ಸೊಸೆಗೇ.

ಹೆರಿಗೆಯ ಪೆಟ್ಟು ಎಂದು ಖಾತ್ರಿಯಾದ ಮೇಲೆ ನರಕ್ಕೆ ನಾನು ಏನೂ ಕೊಡುವುದಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕೂಸುಗಳಲ್ಲಿ ಅದು ತಾನಾಗೇ ಚೇತರಿಸುತ್ತದೆ. ಸ್ಟೆರಾಯ್ಡಿನಿಂದ ಇಲ್ಲಿ ಉಪಯೋಗವಾದ ಗಟ್ಟಿ ಆಧಾರವಿಲ್ಲ. ಕರೆಂಟಿನ ಶಾಕ್ ಬೇಡ. ಬಿ12 ಹನಿ ಬರೆದರೆ ಮನೆಯವರಿಗೆ ಸಮಾಧಾನ, ಕೂಸಿಗೆ ಲಾಭವಿಲ್ಲ. ಕೆಲಸವಿರುವುದು ಕಣ್ಣಿನಲ್ಲಿ. ನರ ತಿಂಗಳುಗಟ್ಟಲೆ ಕಾಯಬಲ್ಲದು, ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಒಣಗಿ ಹುಣ್ಣಾಗಲು ಕೆಲವು ದಿನ ಸಾಕು. ಹಸುಗೂಸಿಗೆ ಮೊದಲ ವಾರಗಳಲ್ಲಿ ಕಣ್ಣೀರು ಕಡಿಮೆ, ಮಿಟುಕಿಸುವುದೂ ಕಡಿಮೆ, ಇದು ನೆನಪಿನಲ್ಲಿರಬೇಕು.

ಹಗಲಲ್ಲಿ 0.5 ಪ್ರತಿಶತ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಹನಿ (ಕೃತಕ ಕಣ್ಣೀರು), ಒಂದೊಂದೇ, ಪ್ರತಿ ಹಾಲಿನ ಹೊತ್ತಿಗೆ, ಅಂದರೆ ಎರಡು ಮೂರು ತಾಸಿಗೊಮ್ಮೆ. ಇಷ್ಟು ಸಲ ಹಾಕುವುದಾದರೆ ಪ್ರಿಸರ್ವೇಟಿವ್ (ಕೆಡದಂತೆ ಬೆರೆಸುವ ರಾಸಾಯನಿಕ) ಇಲ್ಲದ ಒಂಟಿ ಡೋಸಿನ ಹನಿಯೇ ಆಗಬೇಕು. ಪ್ರಿಸರ್ವೇಟಿವ್ ತಾನೇ ಕಣ್ಣಿನ ಮೇಲ್ಪದರ ಕೆಡಿಸುತ್ತದೆ. ಕೆಳರೆಪ್ಪೆ ಎಳೆದು ಒಳಗಿನ ಚೀಲಕ್ಕೆ ಬಿಡಬೇಕು, ಕಪ್ಪುಗುಡ್ಡೆಯ ಮೇಲಲ್ಲ. ತುದಿ ರೆಪ್ಪೆಗೆ ತಾಗಬಾರದು. ರಾತ್ರಿಗೆ ಔಷಧಿ ಬೆರೆಸದ ಜಿಡ್ಡಿನ ಮುಲಾಮು, ಅರ್ಧ ಸೆಂಟಿಮೀಟರಿನ ಎಳೆ, ಅದೇ ಚೀಲಕ್ಕೆ. ನಿದ್ದೆಯಲ್ಲಿ ಅಂತರ ಉಳಿದರೆ ಮಾತ್ರ ಕಾಗದದ ಟೇಪು. ಮೊದಲು ಬೆರಳಿನಿಂದ ರೆಪ್ಪೆ ಪೂರ್ತಿ ಮುಚ್ಚಿ, ಬಳಿಕ ಸಣ್ಣ ಪಟ್ಟಿಯನ್ನು ಮೇಲಿನ ರೆಪ್ಪೆಯಿಂದ ಕೆನ್ನೆಗೆ ಅಂಟಿಸಬೇಕು. ಟೇಪಿನ ಕೆಳಗೆ ಕಣ್ಣು ತೆರೆದುಕೊಂಡರೆ ಅಂಟೇ ಕಾರ್ನಿಯಾ ಉಜ್ಜುತ್ತದೆ, ಟೇಪು ಇಲ್ಲದಿದ್ದರೇ ವಾಸಿ. ಹತ್ತಿ, ಗಾಜ್ ತುರುಕುವುದೂ ಅದೇ ಕೆಲಸ ಮಾಡುತ್ತದೆ. ತೆಗೆಯುವಾಗ ನೀರಿನಲ್ಲಿ ನೆನೆಸದೆ ಕಿತ್ತರೆ ಎಳೆಯ ಚರ್ಮ ಕಿತ್ತುಬರುತ್ತದೆ.

ಡಿಸ್ಚಾರ್ಜಿನ ಮೊದಲೊಮ್ಮೆ, ಮತ್ತೆ ವಾರಕ್ಕೊಮ್ಮೆ ಫ್ಲೋರೆಸೀನ್ ಬಣ್ಣದ ಪಟ್ಟಿ ಕಣ್ಣಿಗೆ ಮುಟ್ಟಿಸಿ ನೀಲಿ ಬೆಳಕಿನಲ್ಲಿ ನೋಡಿಸುತ್ತೇನೆ. ಒಣಗಿದ ಜಾಗ ಕಾರ್ನಿಯಾದ ಕೆಳಭಾಗದಲ್ಲಿ ಹಸಿರಾಗಿ ಹೊಳೆಯುತ್ತದೆ. ಕಣ್ಣು ಕೆಂಪಾದರೆ, ಕೀವು ಬಂದರೆ, ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರ ಬಳಿ. ಮನೆಯಲ್ಲಿ ಮೂರು ವಸ್ತು ಕಣ್ಣಿನ ಹತ್ತಿರ ಬರಬಾರದು: ಕಾಡಿಗೆ, ಎಣ್ಣೆ, ಲೋಬಾನದ ಹೊಗೆ. ಹೊರಸಿನ ಕೆಳಗೆ ಕುಳ್ಳಿನ ಕೆಂಡವಿಟ್ಟು ಕಾಸುವ ಪದ್ಧತಿ ಬಾಡಿಗೆಯ ಒಂಟಿಕೋಣೆಯಲ್ಲೂ ನಡೆದಿದೆ. ಮುಚ್ಚದ ಕಣ್ಣಿಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಫ್ಯಾನಿನ ಗಾಳಿಯೂ ನೇರ ಮುಖಕ್ಕೆ ಬೇಡ. ಕೆನ್ನೆ ತಿಕ್ಕಿ ಬಾಯಿ ನೇರ ಮಾಡುವ ಮಾಲೀಶಿನಿಂದ ನರ ಬೇಗ ಬರುವುದಿಲ್ಲ. ಮೈಗೆ ಎಣ್ಣೆ ಹಚ್ಚಿ ಎರೆಯುವುದಕ್ಕೆ ನನ್ನ ತಕರಾರಿಲ್ಲ, ಮುಖ ಮಾತ್ರ ಬಿಡಿ ಅನ್ನುತ್ತೇನೆ.

ಹಾಲು ಸೋತ ಬದಿಯ ಅಂಚಿನಿಂದ ಸೋರುತ್ತದೆ. ತಾಯಿ ತನ್ನ ಅಂಗೈಯಿಂದ ಮೊಲೆಗೂ ಕೂಸಿನ ಗದ್ದಕ್ಕೂ ಒಟ್ಟಿಗೆ ಆಸರೆ ಕೊಟ್ಟು, ಹೆಬ್ಬೆರಳು ತೋರುಬೆರಳಿನಿಂದ ಎರಡೂ ಕೆನ್ನೆಯನ್ನು ಹಗುರಾಗಿ ಒಳಕ್ಕೆ ಹಿಡಿದರೆ ಬಾಯಿಯ ಬಿಗಿ ಉಳಿಯುತ್ತದೆ. ಅರ್ಧ ತಾಸು ಚೀಪಿಯೂ ಹೊಟ್ಟೆ ತುಂಬದಿದ್ದರೆ ಹಿಂಡಿದ ಹಾಲು ಒಳಲೆಯಲ್ಲಿ, ಬಾಟಲಿ ಬೇಡ. ಹುಟ್ಟುತೂಕದ ಹತ್ತನೇ ಒಂದಕ್ಕಿಂತ ಹೆಚ್ಚು ಇಳಿದರೆ ಮನೆಗೆ ಕಳಿಸುವುದಿಲ್ಲ. ಐದನೇ ದಿನದಿಂದ ದಿನಕ್ಕೆ ಆರು ಸಲವಾದರೂ ಉಚ್ಚೆ, ಎರಡು ವಾರದೊಳಗೆ ಹುಟ್ಟುತೂಕ ವಾಪಸು. ಕಿವಿಯ ಶ್ರವಣ ಪರೀಕ್ಷೆಯನ್ನೂ ತಿಂಗಳೊಳಗೆ ಮುಗಿಸುತ್ತೇನೆ.

ನರದ ವಿದ್ಯುತ್ ಪರೀಕ್ಷೆ ಎಲ್ಲರಿಗೂ ಬೇಡ. ಮುಖ ಪೂರ್ತಿ ಸೋತಿದ್ದು, ಪೆಟ್ಟೋ ಹುಟ್ಟಿನ ದೋಷವೋ ತಿಳಿಯದಿದ್ದರೆ ಮೊದಲ ಎರಡು ಮೂರು ದಿನದಲ್ಲೇ ಬಾಂಬೋಳಿಯ ಮೆಡಿಕಲ್ ಕಾಲೇಜಿಗೆ ಕಳಿಸುತ್ತೇನೆ. ಪೆಟ್ಟಾದ ನರವೂ ಆಗ ಪ್ರಚೋದನೆಗೆ ಮಿಡಿಯುತ್ತದೆ, ತೀವ್ರವಾಗಿದ್ದರೆ ಆಮೇಲೆ ಕುಗ್ಗುತ್ತದೆ. ಹುಟ್ಟಿನ ದೋಷದಲ್ಲಿ ಮೊದಲಿನಿಂದಲೇ ಮಿಡಿತ ಇರುವುದಿಲ್ಲ ಅಥವಾ ಬಹಳ ಕಡಿಮೆ. ವಾರ ಕಳೆದು ಮಾಡಿಸಿದರೆ ಈ ಎರಡನ್ನು ಬೇರೆಮಾಡುವುದು ಕಷ್ಟ. ಕಿವಿತಮಟೆಯ ಹಿಂದೆ ರಕ್ತವಿದ್ದರೆ ಕಿವಿಯೆಲುಬಿನ ಸಿಟಿ ಸ್ಕ್ಯಾನ್. ಎಲುಬು ಜರುಗಿ ನರ ಒತ್ತಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು.

ನರದ ಹೊದಿಕೆಗಷ್ಟೇ ಪೆಟ್ಟಾಗಿದ್ದರೆ ಕೆಲವು ದಿನ, ಕೆಲವು ವಾರದಲ್ಲಿ ಮುಖ ಆಡುತ್ತದೆ. ಒಳಗಿನ ತಂತು ಹರಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದು ಸ್ನಾಯು ಮುಟ್ಟಬೇಕು, ತಿಂಗಳುಗಳು ಬೇಕು. ಐದು ವಾರಕ್ಕೆ ಒಂದಿಷ್ಟೂ ಅಲುಗಾಟ ಬರದಿದ್ದರೆ ಮತ್ತೆ ಬಾಂಬೋಳಿಯ ಇಎನ್‌ಟಿಗೆ. ಮೂರು ತಿಂಗಳಿಗೂ ಹಾಗೇ ಇದ್ದರೆ ಪ್ಲಾಸ್ಟಿಕ್ ಸರ್ಜನರಿಗೂ ತೋರಿಸಬೇಕು.

ತೊಡಕು ಏನೆಂದರೆ, ಐದನೇ ವಾರದ ಹೊತ್ತಿಗೆ ಬಾಣಂತಿ ಇಲ್ಲಿರುವುದಿಲ್ಲ. ವಾಸ್ಕೋದಿಂದ ಲೋಂಡಾ ದಾಟಿ ಹುಬ್ಬಳ್ಳಿ, ಗದಗಿನ ರೈಲು ಹತ್ತಿ ತವರಿಗೆ ಹೋಗಿರುತ್ತಾಳೆ. ಅದಕ್ಕೇ ಡಿಸ್ಚಾರ್ಜ್ ಕಾಗದದ ಹಿಂದೆ ಕನ್ನಡದಲ್ಲಿ ಬರೆದು ಕೊಡುತ್ತೇನೆ: ಯಾವ ಕಣ್ಣು, ಯಾವ ಹನಿ, ಎಷ್ಟು ಹೊತ್ತಿಗೆ, ಐದನೇ ವಾರ ಮತ್ತು ಮೂರನೇ ತಿಂಗಳು ತುಂಬುವ ತಾರೀಖು, ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ (ಹಿಂದಿನ ಕಿಮ್ಸ್, ಈಗ ಕೆಎಂಸಿಆರ್‌ಐ) ಕಣ್ಣಿನ ವಿಭಾಗ, ಇಎನ್‌ಟಿ ಎರಡೂ ಇವೆ ಎಂದು. ಹನಿಯನ್ನು ಊರಲ್ಲಿ ಹುಡುಕಲು ಬಿಡದೆ ತಿಂಗಳಿಗಾಗುವಷ್ಟು ಇಲ್ಲೇ ಕಟ್ಟಿಸಿ ಕಳಿಸುತ್ತೇನೆ. ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚಿದ ವಿಡಿಯೊ ವಾಟ್ಸಾಪಿನಲ್ಲಿ ಬಂದು, ಅಲ್ಲಿಯ ಕಣ್ಣಿನ ಡಾಕ್ಟರು ಕಾರ್ನಿಯಾ ಸರಿಯಿದೆ ಎಂದ ಮೇಲೇ ಹನಿ ನಿಲ್ಲಿಸಲು ಹೇಳುತ್ತೇನೆ. ಬಾಯಿ ನೇರವಾಯಿತೆಂದು ಅವರಾಗೇ ನಿಲ್ಲಿಸುವುದುಂಟು. ಬಾಯಿಗೂ ಕಣ್ಣಿಗೂ ಹೋಗುವ ಕವಲು ಬೇರೆ, ಒಂದು ಬಂದಾಗ ಇನ್ನೊಂದು ಬಂದಿರಲೇಬೇಕೆಂದೇನಿಲ್ಲ.